ನೋವಿರುವ ಕೈಗೆ ನಾಲ್ಕು ಪಟ್ಟಿಯ ಕ್ರೋಶಾ ಮೇಲಂಗಿ

ಬಾಗಲಕೋಟೆ, ವಿಜಯಪುರದ ಕಡೆ ಕ್ರೋಶಾ (ಕೊಕ್ಕೆಸೂಜಿಯ ಹೆಣಿಗೆ) ಬಲ್ಲವರ ಮನೆ ಹೊಸ್ತಿಲಲ್ಲೇ ಗೊತ್ತಾಗುತ್ತದೆ. ಬಾಗಿಲಿಗೆ ತೋರಣ, ಟಿ.ವಿ. ಮೇಲೊಂದು ಹೊದಿಕೆ, ಜಗುಲಿಯ ಮುಂದೆ ಜಾಲರಿ ಪರದೆ, ತೊಟ್ಟಿಲ ಕೂಸಿಗೆ ಕುಲಾವಿ. ಹೆಣೆದವರು ತಾವೇ ತೊಡುವ ಬಟ್ಟೆ ಮಾತ್ರ ಅಪರೂಪ. ಅದಕ್ಕೆ ಕಾರಣವೂ ಇದೆ. ತೋರಣದ ಸಣ್ಣ ನೂಲು, ಕಡ್ಡಿಯಂಥ ಸ್ಟೀಲ್ ಸೂಜಿ ಹಿಡಿದು ಅಂಗಿಗೆ ಕೂತರೆ ಗಟ್ಟಿಮುಟ್ಟಾದ ಕೈಯೂ ಸೋಲುತ್ತದೆ. ನೋವಿರುವ ಕೈಯಂತೂ ಮೊದಲ ವಾರದಲ್ಲೇ ಅದನ್ನು ಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆಯುತ್ತದೆ.

ಇದನ್ನು ಬರೆಯುತ್ತಿರುವುದು ಅಂಥ ಕೈಯವರಿಗಾಗಿ. ಸಂಧಿವಾತ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ, ಹೆಬ್ಬೆರಳ ಬುಡದ ಕೀಲು ಸವೆತ, ಕುತ್ತಿಗೆ-ಭುಜದ ಹಿಡಿತ, ಹೀಗೆ ಯಾವುದೇ ಇರಲಿ, ಮೂರು ತಿಂಗಳು ದಾಟಿಯೂ ಬಿಡದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದೇ ಲೆಕ್ಕ ಹಾಕುತ್ತಾರೆ. 2006ರಲ್ಲಿ ರಾಜ್ಯದ ತುಂಬ ಹಬ್ಬಿದ ಚಿಕುನ್‌ಗುನ್ಯಾದ ಜ್ವರ ವಾರದಲ್ಲಿ ಇಳಿದರೂ ಕೀಲುನೋವು ಎಷ್ಟೋ ಜನರ ಜೊತೆ ತಿಂಗಳು, ವರ್ಷಗಟ್ಟಲೆ ಉಳಿಯಿತು. ನನ್ನದು ಹೆಬ್ಬೆರಳು ಮತ್ತು ಬಲ ಭುಜದ ನೋವು. ಇಲ್ಲಿ ಹೇಳುವುದೆಲ್ಲ ಆ ಕೈಯಿಂದಲೇ ಹೆಣೆದು ನೋಡಿದ್ದು.

ಯಾವ ಅಂಗಿ ಹೆಣೆಯಬೇಕು ಅನ್ನೋದನ್ನು ನಿಮ್ಮ ಕೆಟ್ಟ ದಿನವನ್ನು ಕೇಳಿ ತೀರ್ಮಾನಿಸಿ. ಮೈ ಹಗುರ ಇದ್ದ ದಿನ ಎಲ್ಲ ವಿನ್ಯಾಸವೂ ಆಗುತ್ತದೆ ಅನ್ನಿಸುತ್ತದೆ. ಆದರೆ ಅಂಗಿ ಮುಗಿಯುವುದೂ ಬಿಡುವುದೂ ತೋಳು ಎತ್ತಲಾಗದ ದಿನಗಳ ಕೈಯಲ್ಲಿದೆ. ನೂಲು, ಸೂಜಿ, ಆಕಾರ, ತೊಡುವ ರೀತಿ ನಾಲ್ಕನ್ನೂ ಆ ಒಂದು ಪ್ರಶ್ನೆಯಿಂದಲೇ ಆರಿಸೋಣ.

ಕೈಗೆ ಬೇಕಾದ ತಯಾರಿ

ಬೆರಳ ಕೀಲು ಊದಿ ಬಿಸಿಯಾಗಿದ್ದರೆ, ಬೆಳಿಗ್ಗೆ ಎದ್ದಾಗಿನ ಬಿಗಿತ ಒಂದು ತಾಸು ದಾಟಿದರೆ, ಅಥವಾ ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತಿದ್ದರೆ ನೂಲು ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ. ಮೊದಲೆರಡು ಸಂಧಿವಾತದ ಗುರುತಾಗಿರಬಹುದು, ಕೊನೆಯದು ಮಣಿಕಟ್ಟಿನಲ್ಲಿ ನರ ಒತ್ತುತ್ತಿರುವ ಗುರುತಾಗಿರಬಹುದು. ಎರಡಕ್ಕೂ ಚಿಕಿತ್ಸೆ ಇದೆ, ತಡಮಾಡಿದಷ್ಟೂ ಕೈಗೆ ನಷ್ಟ. ಫಿಸಿಯೋಥೆರಪಿಯವರ ಹತ್ತಿರ ಹೋದಾಗ ಸೂಜಿ-ನೂಲು ಜೊತೆಗೇ ಒಯ್ಯಿರಿ. ಹೇಗೆ ಹಿಡಿಯುತ್ತೀರಿ ಅಂತ ಬಾಯಲ್ಲಿ ಹೇಳುವುದಕ್ಕಿಂತ ಎರಡು ಸಾಲು ಹೆಣೆದು ತೋರಿಸಿದರೆ ಅವರಿಗೂ ಸಲಹೆ ಕೊಡಲು ಸುಲಭ.

ಕೂರುವ ಜಾಗ: ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ, ಕುತ್ತಿಗೆ ಬಗ್ಗಿಸಿ ಹೆಣೆಯುವ ರೂಢಿ ಬಿಡಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಪಾದ ಪೂರ್ತಿ ನೆಲಕ್ಕೆ, ಮಡಿಲಲ್ಲಿ ಒಂದು ದಪ್ಪ ದಿಂಬು. ಮೊಣಕೈ ಎರಡೂ ದಿಂಬಿನ ಮೇಲೆ ಕೂತಿರಬೇಕು, ಆಗ ಭುಜ ತಾನಾಗಿ ಇಳಿಯುತ್ತದೆ. ಕೆಲಸ ಕಣ್ಣಿನ ಕಡೆ ಏರಬೇಕೇ ಹೊರತು ಕುತ್ತಿಗೆ ಕೆಲಸದ ಕಡೆ ಇಳಿಯಬಾರದು.

ಸೂಜಿ ಹಿಡಿಯುವುದರಲ್ಲಿ ಎರಡು ಬಗೆ: ಪೆನ್ನಿನಂತೆ, ಚಾಕುವಿನಂತೆ. ಹೆಬ್ಬೆರಳ ಬುಡ ನೋಯುವವರಿಗೆ ಸಾಮಾನ್ಯವಾಗಿ ಚಾಕುವಿನ ಹಿಡಿತ ಹಗುರ, ಯಾಕೆಂದರೆ ಚಿವುಟುವ ಕೆಲಸ ಕಡಿಮೆಯಾಗಿ ಅಂಗೈ ಭಾರ ಹೊರುತ್ತದೆ. ಎರಡನ್ನೂ ಕಲಿತಿಟ್ಟುಕೊಂಡು ನಡುನಡುವೆ ಬದಲಿಸಿ. ಎಡಗೈಯ ಕಿರುಬೆರಳಿಗೆ ನೂಲನ್ನು ಎರಡು ಸುತ್ತು ಬಿಗಿಯುವುದನ್ನೂ ಬಿಡಿ. ಬೆರಳ ನಡುವೆ ಸುಮ್ಮನೆ ಹಾಯಿಸಿದರೆ ಸಾಕು. ಅದೂ ನೋವಾದರೆ ನೂಲು ಹಾಯಿಸುವ ಉಂಗುರ ಸಿಗುತ್ತದೆ, ತೋರುಬೆರಳಿಗೆ ಹಾಕಿಕೊಂಡರಾಯಿತು.

ಇನ್ನು ಸಮಯ. ಗಡಿಯಾರಕ್ಕೆ ಹದಿನೈದು ನಿಮಿಷದ ಗಂಟೆ ಇಟ್ಟು, ಗಂಟೆ ಬಡಿದಾಗ ಸಾಲಿನ ನಡುವಿದ್ದರೂ ನಿಲ್ಲಿಸಿ. ಕುಣಿಕೆಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿದರೆ ಬಿಚ್ಚಿಕೊಳ್ಳುವುದಿಲ್ಲ. ನೋವು ಶುರುವಾದ ಮೇಲೆ ನಿಲ್ಲಿಸುವುದು ತಡವಾದ ನಿಲುಗಡೆ, ಅದಕ್ಕೆ ಮೊದಲೇ ನಿಲ್ಲಬೇಕು. ಹಗುರ ದಿನ ಮೂರು ತಾಸು ಕೂತು, ಮುಂದಿನ ನಾಲ್ಕು ದಿನ ಹಾಸಿಗೆ ಹಿಡಿಯುವ ಆಟ ಈ ನೋವಿನವರಿಗೆಲ್ಲ ಗೊತ್ತು. ಅದರ ಬದಲು ಒಳ್ಳೆಯ ದಿನಕ್ಕೂ ಸಾಧಾರಣ ದಿನಕ್ಕೂ ಒಂದೇ ಪಾಲು ಇಟ್ಟುಕೊಳ್ಳಿ. ಕೆಟ್ಟ ದಿನ ಪೂರ್ತಿ ರಜೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು: ರೊಟ್ಟಿ ಬಡಿದ ಕೈಗೆ ಆವತ್ತಿನ ಕೋಟಾ ಅರ್ಧ ಮುಗಿದ ಹಾಗೆಯೇ. ಜೋಳದ ಹಿಟ್ಟು ನಾದುವಾಗ, ಬಡಿಯುವಾಗ ದುಡಿಯುವುದು ಇದೇ ಮಣಿಕಟ್ಟು, ಇದೇ ಹೆಬ್ಬೆರಳು. ಅಡುಗೆ ಮುಗಿದು ಎರಡು ಮೂರು ತಾಸು ಕಳೆದ ಮೇಲೆ, ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಅದ್ದಿ ಆಮೇಲೆ ಸೂಜಿ ಹಿಡಿಯಿರಿ. "ಸುಮ್ಮ ಕುಂತು ನೂಲ್ ಎಳಿಯೋದಕ್ಕೂ ದಣಿವಾಗ್ತೈತೇನ್ ವೈನಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಮೇಲಂಗಿಯಲ್ಲಿ ಹತ್ತು ಸಾವಿರಕ್ಕೂ ಮೇಲೆ ಹೊಲಿಗೆ ಇವೆ. ಆ ಲೆಕ್ಕ ಹೇಳಿ, ಸಾಕು.

ನೂಲು ಮತ್ತು ಸೂಜಿ

ಹತ್ತಿ ನೂಲು ಮೈಗೆ ತಂಪು, ಕೈಗೆ ಕಷ್ಟ. ಹತ್ತಿಗೆ ಹಿಗ್ಗುವ ಗುಣವಿಲ್ಲ, ಪ್ರತಿ ಕುಣಿಕೆಯನ್ನೂ ಬೆರಳೇ ಎಳೆಯಬೇಕು. ಜೊತೆಗೆ ಭಾರ. ಅಕ್ರಿಲಿಕ್ ಉಲನ್ ಹಗುರ, ಹಿಗ್ಗುತ್ತದೆ, ಅಗ್ಗ. ಆದರೆ ವಿಜಯಪುರದ ಏಪ್ರಿಲ್‌ನಲ್ಲಿ ಅದನ್ನು ತೊಟ್ಟು ಒಂದು ತಾಸು ಕೂತು ನೋಡಿ. ಎರಡರ ನಡುವಿನ ದಾರಿಯೆಂದರೆ ಹತ್ತಿ-ಅಕ್ರಿಲಿಕ್ ಬೆರೆತ ನೂಲು. 'ಮಿಲ್ಕ್ ಕಾಟನ್' ಅಂತ ಅಂಗಡಿಯಲ್ಲಿ ಮಾರುವುದು ಹೆಚ್ಚಾಗಿ ಇದೇ ಜಾತಿಯದು. ಬೆಳಗಾವಿಯ ಜುಲೈ ಮಳೆ, ಡಿಸೆಂಬರ್ ಚಳಿಗೆ ತೊಡುವವರು ಮಾತ್ರ ಪೂರ್ತಿ ಉಲನ್ ಕಡೆ ಹೋಗಬಹುದು.

ನೂಲು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ತುದಿಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಉಲ್ಟಾ ಹೊಸೆಯಿರಿ. ಎಳೆಗಳು ತಟ್ಟನೆ ಬೇರೆಯಾಗಿ ಬಿದ್ದರೆ ಆ ನೂಲು ಬೇಡ. ಹೆಣೆಯುವಾಗ ಸೂಜಿ ಎಳೆಯ ನಡುವೆ ತೂರಿ, ಪ್ರತಿ ಬಾರಿ ಬಿಡಿಸಿಕೊಳ್ಳಲು ಮಣಿಕಟ್ಟು ತಿರುಚಬೇಕಾಗುತ್ತದೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಲ್ಲಿ ಮಗ್ಗದ ಹತ್ತಿ ನೂಲು ಸಿಗುತ್ತದೆ, ಎಳೆ ಜೋಡಿಸಿಕೊಂಡು ಹೆಣೆದರೆ ಸೋವಿ ಅಂತ ಹೇಳುವವರಿದ್ದಾರೆ. ಸೋವಿ ನಿಜ. ಆದರೆ ಜೋಡಿಸಿದ ಎಳೆ ಹೊಸೆದುಕೊಂಡಿರುವುದಿಲ್ಲ, ನೋವಿನ ಕೈಗೆ ಅದು ಶಿಕ್ಷೆ. ಕಡುನೀಲಿ, ಕಪ್ಪು ಬಣ್ಣವೂ ಬೇಡ. ಹೊಲಿಗೆ ಕಾಣದೆ ಕುತ್ತಿಗೆ ಬಗ್ಗುತ್ತದೆ. ಬೆಳಗಾವಿಯ ಖಡೇ ಬಜಾರ್, ಗಣಪತ್ ಗಲ್ಲಿ ಸುತ್ತಲು ಆಗದವರು ಆನ್‌ಲೈನ್‌ನಲ್ಲಿ ತರಿಸುವಾಗ ಮೊದಲು ಒಂದೇ ಉಂಡೆ ತರಿಸಿ ನೋಡಿ.

ಸೂಜಿ 5 ಮಿ.ಮೀ., ಮತ್ತು ಮೊದಲ ಚೈನಿಗೆ (ಶುರುವಿನ ಕುಣಿಕೆಗಳ ಸರಪಳಿಗೆ) 6 ಮಿ.ಮೀ. ಇನ್ನೊಂದು. ನೂಲಿನ ಲೇಬಲ್ ಮೇಲೆ 4 ಎಂದಿದ್ದರೂ 5 ಹಿಡಿಯಿರಿ. ಹೊಲಿಗೆ ಸಡಿಲವಾದಷ್ಟೂ ಕೈಗೆ ಸುಖ, ಬಟ್ಟೆಯೂ ರಟ್ಟಿನಂತೆ ನಿಲ್ಲದೆ ಮೈಗುಂಟ ಬೀಳುತ್ತದೆ. ತೆಳ್ಳಗಿನ ಅಲ್ಯುಮಿನಿಯಂ ಹಿಡಿಕೆ ಬೆರಳನ್ನು ಪೂರ್ತಿ ಮಡಚಿಸುತ್ತದೆ, ರಬ್ಬರ್ ಹಿಡಿಕೆಯ ದಪ್ಪ ಸೂಜಿ ತಗೊಳ್ಳಿ. ಇರುವ ಸೂಜಿಯನ್ನೇ ದಪ್ಪ ಮಾಡಬೇಕೆಂದರೆ ಹಳೆ ಹತ್ತಿ ಸೀರೆಯ ಒಂದು ಬೆರಳಗಲದ ಪಟ್ಟಿ ಹರಿದು, ಹಿಡಿಕೆಗೆ ಬಿಗಿಯಾಗಿ ಸುತ್ತಿ, ಮೇಲೆ ದಾರ ಕಟ್ಟಿ. ಬೆವರು ಹೀರುತ್ತದೆ, ಜಾರುವುದಿಲ್ಲ.

ಆಕಾರ

ತಲೆಯ ಮೇಲಿಂದ ಹಾಕುವ ಸ್ವೆಟರ್ ಬೇಡ. ಭುಜ ನೋಯುವವರಿಗೆ ತೊಡುವುದೇ ಒಂದು ಯುದ್ಧ. ಕುತ್ತಿಗೆಯಿಂದ ಕೆಳಗೆ ಒಂದೇ ತುಂಡಾಗಿ ಹೆಣೆಯುವ ರ‍್ಯಾಗ್ಲನ್ ನೋಡಲು ಚೆಂದವೇ, ಆದರೆ ಅರ್ಧ ಮುಗಿಯುವ ಹೊತ್ತಿಗೆ ಇಡೀ ಭಾರ ಮಡಿಲಲ್ಲಿ. ಪ್ರತಿ ಸಾಲಿಗೂ ಅದನ್ನೆಲ್ಲ ಎತ್ತಿ ತಿರುವಬೇಕು.

ನಾನು ಹೇಳುವುದು ಮುಂದೆ ತೆರೆದ ಮೇಲಂಗಿ, ನಾಲ್ಕು ಉದ್ದ ಪಟ್ಟಿಗಳಿಂದ ಆದದ್ದು. ಪ್ರತಿ ಪಟ್ಟಿಯೂ ಮುಂಭಾಗದ ಕೆಳಅಂಚಿನಿಂದ ಹೊರಟು, ಭುಜ ದಾಟಿ, ಬೆನ್ನಿನ ಕೆಳಅಂಚಿನವರೆಗೆ ಒಂದೇ ಓಟ. ಹಾಗಾಗಿ ಭುಜದ ಮೇಲೆ ಹೊಲಿಗೆಯ ಗಂಟಿಲ್ಲ. ಬಟ್ಟೆ ತಾಗಿದರೂ ಚರ್ಮ ಉರಿಯುವವರಿಗೆ ಇದೇ ದೊಡ್ಡ ಲಾಭ. ಕೌದಿ ಹೊಲಿಯುವವರು ತುಂಡು ತುಂಡಾಗಿ ಕೂಡಿಸುವ ಹಾಗೆ ಇಲ್ಲೂ ಕೈಯಲ್ಲಿ ಒಂದೇ ಸಣ್ಣ ತುಂಡು ಇರುತ್ತದೆ, ಒಂದು ಸಾಲಿಗೆ ಇಪ್ಪತ್ತು ಹೊಲಿಗೆ ಮಾತ್ರ. ಆಸ್ಪತ್ರೆಯ ಸರದಿಯಲ್ಲೂ ಹೆಣೆಯಬಹುದು.

ಮಾದರಿ ತುಂಡು ಮತ್ತು ಲೆಕ್ಕ

ಇದನ್ನು ದಾಟಿಸಿ ಮುಂದೆ ಹೋಗಬೇಡಿ. ನೋವಿರುವವರಿಗೆ ಬಿಚ್ಚಿ ಹೆಣೆಯುವ ಶಕ್ತಿ ಎಲ್ಲಿಂದ ಬರಬೇಕು?

15 ಸೆಂ.ಮೀ. ಚೌಕದ ಒಂದು ತುಂಡು ಹೆಣೆದು, ತೊಳೆದು ಒಣಗಿಸಿ, ಆಮೇಲೆ ಒಂದು ರಾತ್ರಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡಿ, ಕೆಳಗೆ ಇನ್ನೆರಡು ಕ್ಲಿಪ್ ಭಾರಕ್ಕೆ. ಬೆಳಿಗ್ಗೆ ಉದ್ದ ಎಷ್ಟು ಜೋತಿದೆ ನೋಡಿ. ಅಂಗಿಯೂ ಅದೇ ಪ್ರಮಾಣದಲ್ಲಿ ಜೋಲುತ್ತದೆ, ಪಟ್ಟಿಯನ್ನು ಅಷ್ಟು ಗಿಡ್ಡ ಮಾಡಬೇಕು. ನಂತರ ತುಂಡಿನ ನಡುವೆ 10 ಸೆಂ.ಮೀ.ಗೆ ಎಷ್ಟು ಹೊಲಿಗೆ, ಎಷ್ಟು ಸಾಲು ಎಣಿಸಿ. ಉದಾಹರಣೆಗೆ 14 ಹೊಲಿಗೆ, 10 ಸಾಲು ಬಂತು ಅನ್ನೋಣ.

ಎದೆಸುತ್ತು 100 ಸೆಂ.ಮೀ. ಇದ್ದರೆ ಸಡಿಲಕ್ಕೆ 15 ಕೂಡಿಸಿ: 115. ಅರ್ಧ ಅಂದರೆ ಬೆನ್ನಿನ ಅಗಲ ಸುಮಾರು 58. ಅದನ್ನು ನಾಲ್ಕು ಪಟ್ಟಿಗೆ ಹಂಚಿದರೆ ಒಂದೊಂದು 14.5 ಸೆಂ.ಮೀ., ಅಂದರೆ 20 ಹೊಲಿಗೆ. ಭುಜದಿಂದ ಬೇಕಾದ ಉದ್ದ 65 ಎಂದಾದರೆ ಮುಂದೆ-ಹಿಂದೆ ಸೇರಿ ಪಟ್ಟಿಯ ಉದ್ದ 130 ಸೆಂ.ಮೀ., ಅಂದರೆ 130 ಸಾಲು. ನಾಲ್ಕು ಪಟ್ಟಿಗೆ 520 ಸಾಲು, 10,400 ಹೊಲಿಗೆ. ದಿನಕ್ಕೆ ಎಂಟು ಸಾಲು ಅಂದರೂ 65 ದಿನದ ಕೆಲಸ. ರಜೆಯ ದಿನ ಸೇರಿಸಿ ಮೂರು ತಿಂಗಳು ಹಿಡಿಯಿರಿ. ದೀಪಾವಳಿಗೆ ಬೇಕೆಂದರೆ ನಾಗರ ಪಂಚಮಿಗೂ ಮೊದಲೇ ಶುರುಮಾಡಿ.

ಭಾರದ ಲೆಕ್ಕವೂ ಈಗಲೇ ಆಗಲಿ. ಮಾದರಿ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ. ಮೇಲಿನ ಅಳತೆಯ ಅಂಗಿಗೆ ಅಂಥ 33-34 ತುಂಡುಗಳಷ್ಟು ಬಟ್ಟೆ ಬೇಕು. ತುಂಡು 12 ಗ್ರಾಂ ತೂಗಿದರೆ ಅಂಗಿ 400 ಗ್ರಾಂ. ಅರ್ಧ ಕಿಲೋ ದಾಟುವಂತಿದ್ದರೆ ನೋಯುವ ಭುಜಕ್ಕೆ ಅದು ಹೊರೆಯೇ. ಆಗ ನೂಲು ಬದಲಿಸಿ ಇಲ್ಲವೇ ಜಾಲರಿ ಹೆಣಿಗೆಗೆ ಇಳಿಯಿರಿ.

ಪಟ್ಟಿ ಹೆಣೆಯುವುದು

ಬಳಸುವುದು ಹಾಫ್ ಡಬಲ್ ಕ್ರೋಶಾ. ವಿಡಿಯೋ ನೋಡಿ ಕಲಿಯುವವರು ಅಮೆರಿಕದ ಹೆಸರೋ ಬ್ರಿಟನ್ನಿನದೋ ನೋಡಿಕೊಳ್ಳಿ. ಅಮೆರಿಕದವರ ಸಿಂಗಲ್ ಬ್ರಿಟನ್ನಿನವರಿಗೆ ಡಬಲ್. ನಾನು ಇಲ್ಲಿ ಹೇಳುತ್ತಿರುವುದು ಅಮೆರಿಕದ ಹೆಸರು.

6 ಮಿ.ಮೀ. ಸೂಜಿಯಿಂದ 21 ಚೈನ್ ಹಾಕಿ. ದಪ್ಪ ಸೂಜಿ ಯಾಕೆಂದರೆ ಮೊದಲ ಚೈನ್ ಬಿಗಿಯಾದರೆ ಅದರೊಳಗೆ ಸೂಜಿ ತೂರಿಸುವಾಗಲೇ ಹೆಬ್ಬೆರಳು ಕೂಗುತ್ತದೆ, ಅಂಗಿಯ ಅಂಚೂ ಮುದುಡುತ್ತದೆ. ಈಗ 5ರ ಸೂಜಿ. ಸೂಜಿಗೆ ನೂಲು ಸುತ್ತಿ, ಸೂಜಿಯಿಂದ ಎಣಿಸಿದರೆ ಬರುವ ಎರಡನೇ ಚೈನಿಗೆ ಚುಚ್ಚಿ, ನೂಲು ಹಿಡಿದು ಮೇಲೆಳೆಯಿರಿ. ಸೂಜಿಯ ಮೇಲೆ ಮೂರು ಕುಣಿಕೆ. ಮತ್ತೊಮ್ಮೆ ನೂಲು ಸುತ್ತಿ ಮೂರರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಹೀಗೆ 20. ಸಾಲಿನ ಕೊನೆಗೆ ಒಂದು ಚೈನ್ ಹಾಕಿ ತಿರುಗಿಸಿ, ಆ ಚೈನನ್ನು ಹೊಲಿಗೆಯೆಂದು ಎಣಿಸಬೇಡಿ. ಮೊದಲ ಹೊಲಿಗೆಯ ಮೇಲೆಯೇ ಮುಂದಿನ ಸಾಲು ಶುರು. ಅಂಚು ನೆಟ್ಟಗಿರುತ್ತದೆ.

ಮೂರು ಕುಣಿಕೆಯೊಳಗಿಂದ ಎಳೆಯುವ ಆ ಕ್ಷಣವೇ ಕೈ ನೋಯಿಸುವುದು. ಇಲ್ಲಿ ಎರಡು ಉಪಾಯ. ಮೊದಲು ನೂಲು ಮೇಲೆಳೆಯುವಾಗ ಕುಣಿಕೆಯನ್ನು ಒಂದು ಜೋಳದ ಕಾಳಿನಷ್ಟು ಹೆಚ್ಚು ಎತ್ತರಕ್ಕೆ ಬಿಡಿ. ಆಮೇಲೆ ಸೂಜಿಯ ಕೊಕ್ಕೆಯನ್ನು ಕೆಳಮುಖ ಮಾಡಿ, ಮಣಿಕಟ್ಟು ತಿರುಚದೆ, ಮೊಣಕೈಯಿಂದ ಇಡೀ ಕೈಯನ್ನು ಹಿಂದಕ್ಕೆ ಸರಿಸಿ. ಆಗ ಸೂಜಿ ತಾನಾಗಿ ಜಾರಿ ಬರುತ್ತದೆ. ಇಷ್ಟಾದರೂ ತ್ರಾಸಾದರೆ ಹೊಲಿಗೆಯನ್ನೇ ಬದಲಿಸಿ: ನೂಲು ಸುತ್ತದೆ ಚುಚ್ಚಿ, ಮೇಲೆಳೆದು, ಒಂದು ಚೈನ್ ಹಾಕಿ, ಆಮೇಲೆ ಎರಡು ಕುಣಿಕೆಯೊಳಗಿಂದ ಎಳೆಯಿರಿ. ಎತ್ತರ ಹೆಚ್ಚುಕಡಿಮೆ ಅಷ್ಟೇ, ಜೋರು ಕಡಿಮೆ. ಇದನ್ನು ಹಿಡಿದರೆ ಮಾದರಿ ತುಂಡನ್ನೂ ಇದರಲ್ಲೇ ಹೆಣೆದು ಎಣಿಸಿ.

ಬಿಸಿಲೂರಿನವರಿಗೆ ಜಾಲರಿ: ಒಂದು ಡಬಲ್ ಕ್ರೋಶಾ (ಹಾಫ್ ಡಬಲ್‌ನಂತೆಯೇ ಶುರು, ಆದರೆ ಮೂರು ಕುಣಿಕೆಯನ್ನು ಒಟ್ಟಿಗಲ್ಲದೆ ಎರಡೆರಡಾಗಿ ಎಳೆಯುವುದು), ಒಂದು ಚೈನ್, ಕೆಳಗಿನ ಸಾಲಿನಲ್ಲಿ ಒಂದು ಬಿಟ್ಟು ಮತ್ತೊಂದು ಡಬಲ್. ತೋರಣ ಹೆಣೆದವರಿಗೆ ಇದು ಕೈಗಂಟಿದ ವಿದ್ಯೆ. ಬೇಕಾಗುವ ಹೊಲಿಗೆ ಅರ್ಧದಷ್ಟು, ಗಾಳಿ ಆಡುತ್ತದೆ, ಭಾರ ಇಳಿಯುತ್ತದೆ. ತೊಂದರೆ ಒಂದೇ, ಗುಳದಾಳಿ (ತಾಳಿ), ಬಳೆ, ಕಿವಿಯೋಲೆಯ ಕೊಕ್ಕೆ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಎದೆಯ ಕಡೆಯ ಅಂಚಿನ ಮೂರು ನಾಲ್ಕು ಹೊಲಿಗೆಯನ್ನು ಗಟ್ಟಿಯಾಗಿಯೇ ಇಟ್ಟು, ಉಳಿದದ್ದಕ್ಕೆ ಜಾಲರಿ ಮಾಡಿ.

ಪ್ರತಿ ಹತ್ತು ಸಾಲಿಗೊಮ್ಮೆ ಅಂಚಿಗೆ ಬಣ್ಣದ ದಾರದ ಒಂದು ಗಂಟು ಕಟ್ಟಿ. ನೋವಿನ ಮಾತ್ರೆ ನುಂಗಿದ ದಿನ ತಲೆ ಮಂಕಾಗಿ ಎಣಿಕೆ ತಪ್ಪುತ್ತದೆ. ಗಂಟು ಇದ್ದರೆ ಹತ್ತರೊಳಗೆ ಹುಡುಕಿದರೆ ಸಾಕು.

ಜೋಡಣೆ

ಎಲ್ಲ ಮುಗಿಸಿ ಕೊನೆಗೆ ಸೂಜಿದಾರ ಹಿಡಿದು ಹೊಲಿಯುವುದೇ ಅನೇಕರ ಅಂಗಿ ಅಟ್ಟ ಸೇರುವ ಜಾಗ. ಅದನ್ನು ತಪ್ಪಿಸಲು ಎರಡನೇ ಪಟ್ಟಿ ಹೆಣೆಯುತ್ತಲೇ ಮೊದಲನೆಯದಕ್ಕೆ ಕೂಡಿಸಿ. ಮೊದಲ ಪಟ್ಟಿಯನ್ನು ಪಕ್ಕದ ಮೇಜಿನ ಮೇಲೆ ಹಾಸಿಡಿ, ಅದರ ಭಾರ ಮಡಿಲಿಗೆ ಬರಬಾರದು. ಎರಡನೆಯದರ ಸಾಲು ಆ ಕಡೆ ಮುಗಿದಾಗಲೆಲ್ಲ ಮೊದಲನೆಯದರ ಅದೇ ಸಂಖ್ಯೆಯ ಸಾಲಿನ ತುದಿಗೆ ಒಂದು ಸ್ಲಿಪ್ ಸ್ಟಿಚ್ (ಚುಚ್ಚಿ, ನೂಲನ್ನು ಸೂಜಿ ಮೇಲಿನ ಕುಣಿಕೆಯೊಳಗಿಂದಲೂ ಒಂದೇ ಸಲ ಎಳೆಯುವುದು) ಹಾಕಿ ತಿರುಗಿ. ಎರಡು ಸಾಲಿಗೊಂದು ಕೂಡಿಕೆ ಬೀಳುತ್ತದೆ. ಗಂಟು ಕಟ್ಟಿದ ಜಾಗ ಎರಡರಲ್ಲೂ ಎದುರುಬದುರು ಬರುತ್ತಿದೆಯೇ ನೋಡುತ್ತಿರಿ. ಕೂಡಿಕೆಯ ಉಬ್ಬು ಹೊರಮೈಗೆ ಬರಲಿ, ಒಳಗೆ ನುಣುಪಾಗಿರಲಿ.

ಒಂದನೆಯದು-ಎರಡನೆಯದು ಪೂರ್ತಿ ಉದ್ದಕ್ಕೂ ಸೇರುತ್ತವೆ, ಮೂರು-ನಾಲ್ಕು ಹಾಗೆಯೇ. ಎರಡು-ಮೂರು ಮಾತ್ರ ಬೆನ್ನಿನ ಅರ್ಧಕ್ಕೆ, ಅದೂ ಕುತ್ತಿಗೆಯ ಹತ್ತಿರ 3 ಸೆಂ.ಮೀ. ಬಿಟ್ಟು. ಮುಂದೆ ತೆರೆದೇ ಇರುತ್ತದೆ. ಈಗ ಭುಜಕ್ಕೆ ಮಡಚಿ. ಪಕ್ಕದಲ್ಲಿ ಭುಜದಿಂದ 22 ಸೆಂ.ಮೀ. ತೋಳಿಗೆ ಬಿಡಿ. ತೋಳು ಹಿಂದಕ್ಕೆ ತಿರುಗಿಸಲು ಕಷ್ಟವಿದ್ದವರು 26 ಬಿಡಿ. ಅಲ್ಲಿಂದ ಕೆಳಗೆ ಕೂಡಿಸುತ್ತ ಬಂದು ಕೊನೆಯ 15 ಸೆಂ.ಮೀ. ಸೀಳು ಇಡಿ, ಕೂತಾಗ ಸೊಂಟದ ಹತ್ತಿರ ಎಳೆಯುವುದಿಲ್ಲ. ಗುಂಡಿ ಬೇಡ. ಬೇಕೇ ಬೇಕೆಂದರೆ ಒಂದೇ ಒಂದು ದೊಡ್ಡ ಮರದ ಗುಂಡಿ, ಅದಕ್ಕೆ ಸಡಿಲ ಕುಣಿಕೆ. ಜೇಬೂ ಬೇಡ, ಅದರಲ್ಲಿ ಮೊಬೈಲ್ ಇಟ್ಟರೆ ಒಂದು ಭುಜ ಜಗ್ಗುತ್ತದೆ.

ಮೈಗೊಪ್ಪುವಂತೆ

ಸಡಿಲ ಅಂದ ಮಾತ್ರಕ್ಕೆ ಗೋಣಿಚೀಲ ಆಗಬೇಕಿಲ್ಲ. ಈ ಅಂಗಿಯಲ್ಲಿ ಕೂಡಿಕೆಯ ಉಬ್ಬುಗೆರೆಗಳು ಮೇಲಿಂದ ಕೆಳಗೆ ಹರಿಯುತ್ತವೆ, ತೆರೆದ ಅಂಚು ಕುತ್ತಿಗೆಯಿಂದ ಎದೆಗೆ ವಿ ಆಕಾರ ಕೊಡುತ್ತದೆ. ಎರಡೂ ಮೈಯನ್ನು ಉದ್ದ ತೋರಿಸುತ್ತವೆ. ಅಂಗಿಯ ಕೆಳಅಂಚು ಸೊಂಟದ ಅತಿ ಅಗಲದ ಜಾಗದಲ್ಲಿ ನಿಲ್ಲದಿರಲಿ, ನಾಲ್ಕು ಬೆರಳು ಮೇಲೆ ಅಥವಾ ಕೆಳಗೆ ಇರಲಿ. ಔಷಧದಿಂದ ಮೈ ಊದುವ, ಇಳಿಯುವ ಜನಕ್ಕೆ ತೆರೆದ ಅಂಗಿಯೇ ಸರಿ. ತೂಕ ಬದಲಾದರೂ ಅಂಗಿ ಹೊಂದಿಕೊಳ್ಳುತ್ತದೆ.

ಬಣ್ಣಕ್ಕೆ ದೂರ ಹೋಗಬೇಕಿಲ್ಲ. ಇಳಕಲ್ ಸೀರೆಯ ಟೋಪಿ ತೆನಿ ಸೆರಗಿನ ಕೆಂಪು-ಬಿಳಿ ನೋಡಿ. ಹೊರಗಿನ ಎರಡು ಪಟ್ಟಿ ದಾಳಿಂಬೆ ಕೆಂಪು, ಒಳಗಿನೆರಡು ಬಿಳಿಯಾದರೆ ಬಿಳಿ ನಡುವೆ ಸೇರಿ ಮೈ ತೆಳುವಾಗಿ ಕಾಣುತ್ತದೆ. ಕೆಲಸವೇ ಅರ್ಧ ಮಾಡಬೇಕೆನ್ನುವವರು ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ತಂದು ಹೊರಗಿನ ಪಟ್ಟಿಗಳ ಜಾಗಕ್ಕೆ ಹಾಕಬಹುದು. ದರ್ಜಿಯ ಕೈಲಿ ಅಂಚು ಮಡಚಿ ಹೊಲಿಸಿ, ಆ ಅಂಚಿನುದ್ದಕ್ಕೂ ಬ್ಲ್ಯಾಂಕೆಟ್ ಸ್ಟಿಚ್ ಹಾಕಿಕೊಂಡರೆ ಅದರ ಕುಣಿಕೆಗಳಿಗೆ ಕ್ರೋಶಾ ಕೂಡಿಸಬಹುದು. ಖಣದ ಬಣ್ಣ ಬಿಡುತ್ತದೆಯೇ ಅಂತ ಮೊದಲು ನೀರಲ್ಲಿ ಅದ್ದಿ ನೋಡಿ.

ಸೀರೆಯ ಮೇಲೆ ತೊಡುವವರು ಸೆರಗನ್ನು ಅಂಗಿಯ ಹೊರಗೆ ಬಿಡಿ. ಒಳಗೆ ಸಿಕ್ಕಿಸಿದರೆ ಎಡ ಭುಜದ ಮೇಲೆ ಎರಡು ಪದರ ಗಂಟಾಗಿ ಕೂಡುತ್ತದೆ.

ಒಗೆತ

ಬಕೆಟ್ಟಿನ ತಣ್ಣೀರಿಗೆ ಸ್ವಲ್ಪ ಶಾಂಪೂ ಹಾಕಿ ಹತ್ತು ನಿಮಿಷ ನೆನೆಸಿ, ಒತ್ತಿ ತೆಗೆಯಿರಿ. ಹಿಂಡುವುದು ಬೇಡ, ಅಂಗಿಗೂ ಕೇಡು, ಕೈಗೂ ಕೇಡು. ದೊಡ್ಡ ಟವೆಲ್ ಮೇಲೆ ಹಾಸಿ, ಸುರುಳಿ ಸುತ್ತಿ, ಅದರ ಮೇಲೆ ಕಾಲಿಟ್ಟು ಒತ್ತಿದರೆ ನೀರೆಲ್ಲ ಟವೆಲ್ಲಿಗೆ. ಆಮೇಲೆ ನೆರಳಲ್ಲಿ ಚಾಪೆ ಮೇಲೆ ಅಗಲಿಸಿ ಒಣಗಿಸಿ. ಬೆಳಗಾವಿಯ ಮಳೆಗಾಲದಲ್ಲಿ ಹತ್ತಿಯ ಅಂಗಿ ಎರಡು ದಿನವಾದರೂ ಒಣಗದೆ ವಾಸನೆ ಹಿಡಿಯುತ್ತದೆ. ಫ್ಯಾನಿನ ಕೆಳಗೆ ಮಂಚದ ಮೇಲೆ ಹರಡಿ, ನಡುವೆ ಒಮ್ಮೆ ಮಗ್ಗುಲು ಬದಲಿಸಿ. ಹ್ಯಾಂಗರಿಗೆ ಹಾಕಿದರೆ ಭುಜ ಜೋಲುತ್ತದೆ, ಮಡಚಿ ಇಡಿ. ನೂಲಿನ ಲೇಬಲ್ ಮೇಲೆ ಬಣ್ಣದ ಲಾಟ್ ಸಂಖ್ಯೆ ಇರುತ್ತದೆ, ಅದನ್ನೂ ಅದೇ ಲಾಟಿನ ಅರ್ಧ ಉಂಡೆಯನ್ನೂ ಅಂಗಿಯ ಮಡಿಕೆಯೊಳಗೇ ಇಟ್ಟಿರಿ. ಎಲ್ಲಾದರೂ ಎಳೆ ಸಿಕ್ಕಿ ಹರಿದರೆ ಆ ಒಂದು ಪಟ್ಟಿಯನ್ನಷ್ಟೇ ಬಿಚ್ಚಿ ಸರಿಮಾಡಲು ಬೇಕಾಗುತ್ತದೆ.